ಡಿಸಬಿಲಿಟಿ ಪೆನ್ಷನ್ ಇಲ್ಲ ಎಂದು ಪತ್ರ ಬಂದಿದೆ, ಅಪೀಲು ಹಾಕಬಹುದಾ? ತುಮಕೂರು, ಕೋಲಾರ, ಚಿಕ್ಕಬಳ್ಳಾಪುರದ ಮಾಜಿ ಸೈನಿಕರ ಅನುಭವ

ಕೇಳಿದವರು: ನಿವೃತ್ತ ಹವಿಲ್ದಾರ್, ಮಧುಗಿರಿ ತಾಲ್ಲೂಕು

ಎಲ್ಲರಿಗೂ ಜೈ ಹಿಂದ್. ಸೇನೆಯಲ್ಲಿ 24 ವರ್ಷ ಇದ್ದು 2023ರ ಜೂನ್‌ನಲ್ಲಿ ನಿವೃತ್ತನಾದೆ. ನಿವೃತ್ತಿಗೆ ಮುಂಚೆ ಆರೋಗ್ಯ ಪರೀಕ್ಷಿಸುವ ಸೇನಾ ವೈದ್ಯರ ಮಂಡಳಿ, ಅಂದರೆ ರಿಲೀಸ್ ಮೆಡಿಕಲ್ ಬೋರ್ಡ್‌ನವರು ಬಿಪಿ ಇದೆ, ಶೇ 30 ಡಿಸಬಿಲಿಟಿ, ಜೀವನಪೂರ್ತಿ ಎಂದು ಬರೆದರು. ಆದರೆ ಇದು ಸೇವೆಯಿಂದ ಬಂದದ್ದಲ್ಲ, ಸೇವೆಯಿಂದ ಹೆಚ್ಚಾದದ್ದೂ ಅಲ್ಲ ಎಂದೂ ಸೇರಿಸಿದರು. ಅದೇ ಕಾರಣ ಕೊಟ್ಟು ರೆಕಾರ್ಡ್ಸ್‌ನಿಂದ (ಸೈನಿಕರ ಸೇವಾ ದಾಖಲೆ ಇಡುವ ಸೇನಾ ಕಚೇರಿ) ತಿರಸ್ಕಾರದ ಪತ್ರ ಬಂತು. ಆರು ತಿಂಗಳೊಳಗೆ ಅಪೀಲು ಹಾಕಬಹುದು ಎಂದು ಅದರಲ್ಲೇ ಇತ್ತು. ಆ ಹೊತ್ತಿಗೆ ತಾಯಿ ಆಸ್ಪತ್ರೆಯಲ್ಲಿದ್ದರು, ಗಡುವು ದಾಟಿತು. ಈಗ ಊರಿನಲ್ಲಿ ಒಬ್ಬರು "ನಾನು ಮಾಡಿಸಿಕೊಡ್ತೀನಿ, ಬರುವ ಬಾಕಿಯಲ್ಲಿ ಕಾಲು ಭಾಗ ನನಗೆ" ಅಂತಿದ್ದಾರೆ. ನಿಮ್ಮಲ್ಲಿ ಯಾರಾದರೂ ಈ ದಾರಿಯಲ್ಲಿ ಹೋಗಿದ್ದೀರಾ? ಪ್ರಯೋಜನ ಇದೆಯಾ?

ನಿವೃತ್ತ ನಾಯಬ್ ಸುಬೇದಾರ್ (ಕ್ಲರ್ಕ್), ತುಮಕೂರು

ಜೈ ಹಿಂದ್ ಸರ್. ಪ್ರಯೋಜನ ಖಂಡಿತ ಇದೆ. ಮೊದಲು ಆ ಕಾಲು ಭಾಗದವರಿಗೆ ಬೇಡ ಎಂದುಬಿಡಿ. ಯಾವ ಕಾಗದಕ್ಕೂ ಸಹಿ ಹಾಕಬೇಡಿ, ಸ್ಪರ್ಶ್ (ಪೆನ್ಷನ್ ಆನ್‌ಲೈನ್ ಖಾತೆ) ಪಾಸ್‌ವರ್ಡ್ ಯಾರಿಗೂ ಹೇಳಬೇಡಿ. ಅಪೀಲಿಗೆ ಶುಲ್ಕವಿಲ್ಲ. ಸರಳ ಇಂಗ್ಲಿಷಿನಲ್ಲೋ ಹಿಂದಿಯಲ್ಲೋ ಎರಡು ಮೂರು ಪುಟ ಬರೆದರೆ ಸಾಕು.

ಆದರೆ ಇವತ್ತೇ ಬರೆಯಲು ಕೂರಬೇಡಿ. ನಿಮ್ಮ ಕೈಯಲ್ಲಿರುವ ತಿರಸ್ಕಾರದ ಪತ್ರದಲ್ಲಿ ಇರುವುದು ತೀರ್ಮಾನ ಮಾತ್ರ. ಅದಕ್ಕೆ ಕಾರಣ ಇರುವುದು ಮೆಡಿಕಲ್ ಬೋರ್ಡ್ ಕಾಗದದಲ್ಲಿ. ಅದರ ಪೂರ್ತಿ ಪ್ರತಿ ನಿಮ್ಮ ಹತ್ತಿರ ಇದೆಯಾ ನೋಡಿ. ಇಲ್ಲದಿದ್ದರೆ ನಿಮ್ಮ ರೆಕಾರ್ಡ್ಸ್ ಕಚೇರಿಯ ಮಾಹಿತಿ ಅಧಿಕಾರಿಗೆ ಆರ್‌ಟಿಐ ಅರ್ಜಿ ಹಾಕಿ. ಹತ್ತು ರೂಪಾಯಿ ಪೋಸ್ಟಲ್ ಆರ್ಡರ್, 30 ದಿನದ ಗಡುವು. ಬೋರ್ಡ್ ಪ್ರತಿಯ ಜೊತೆಗೆ ನೀವು ಭರ್ತಿಯಾದಾಗಿನ ವೈದ್ಯಕೀಯ ಪರೀಕ್ಷೆಯ ಪ್ರತಿ, ಮೊದಲ ಬಾರಿ ಲೋ ಮೆಡಿಕಲ್ ಕ್ಯಾಟಗರಿ (ಪೂರ್ತಿ ಫಿಟ್ ಅಲ್ಲ ಎಂಬ ದರ್ಜೆ) ಆದಾಗಿನ ಕಾಗದ, ಪೋಸ್ಟಿಂಗ್ ವಿವರ, ಇಷ್ಟನ್ನೂ ಒಂದೇ ಅರ್ಜಿಯಲ್ಲಿ ಕೇಳಿ.

ಬೋರ್ಡ್ ಕಾಗದ ಬಂದ ಮೇಲೆ ಒಂದು ಕಡೆ ಕಣ್ಣಿಡಿ. ಕಾಯಿಲೆ ಯಾವ ತಾರೀಖು, ಯಾವ ಊರಿನಲ್ಲಿ ಶುರುವಾಯಿತು ಎಂದು ಒಂದು ಅಂಕಣ ಇರುತ್ತದೆ. ಅದರ ಮುಂದೆ ಡಾಕ್ಟರು ಕಾರಣ ಬರೆದಿರುತ್ತಾರೆ. ಬಿಪಿ, ಶುಗರ್ ಕೇಸುಗಳಲ್ಲಿ ಹೆಚ್ಚಾಗಿ ಸಿಗುವುದು ಒಂದೇ ಸಾಲು: ಪೀಸ್ ಸ್ಟೇಷನ್‌ನಲ್ಲಿ (ಗಡಿ, ಕಾರ್ಯಾಚರಣೆ ಇಲ್ಲದ ಶಾಂತ ನೆಲೆ) ಶುರುವಾಯಿತು, ಸೇವೆಯ ಒತ್ತಡಕ್ಕೆ ಸಂಬಂಧವಿಲ್ಲ. ಈ ಸಾಲಿಗೆ ಉತ್ತರ ಕೊಡುವುದೇ ನಿಮ್ಮ ಅಪೀಲು. ಉಳಿದದ್ದೆಲ್ಲ ಆಮೇಲೆ.

ಬಿಪಿ ಪತ್ತೆಯಾದ ದಿನಕ್ಕೇ ಹುಟ್ಟಿದ್ದಲ್ಲ ಅಲ್ವಾ? ಫೀಲ್ಡ್‌ನಲ್ಲಿ, ಅಂದರೆ ಗಡಿ, ಕಾರ್ಯಾಚರಣೆಯ ಜಾಗದಲ್ಲಿ, ವರ್ಷಗಟ್ಟಲೆ ನಿದ್ದೆಗೆಟ್ಟು ಪೀಸ್‌ಗೆ ಬಂದ ಮೇಲೆ ವಾರ್ಷಿಕ ಪರೀಕ್ಷೆಯಲ್ಲಿ ಸಿಕ್ಕಿಬೀಳುತ್ತದೆ. ಹಾಗಾಗಿ ಪತ್ತೆಯಾಗುವ ಮೊದಲು ನೀವು ಎಲ್ಲೆಲ್ಲಿ ಇದ್ದಿರಿ, ಎಷ್ಟು ಕಾಲ, ಅಲ್ಲಿ ಏನು ಡ್ಯೂಟಿ ಎಂದು ತಾರೀಖು ಸಮೇತ ಬರೆಯಿರಿ. ಎತ್ತರದ ಪ್ರದೇಶ, ಗಡಿ, ಭಯೋತ್ಪಾದಕ ನಿಗ್ರಹದ ಕೆಲಸ, ಯಾವುದನ್ನೂ ಬಿಡಬೇಡಿ. ಪತ್ತೆಯಾದ ಮೇಲೂ ಮತ್ತೆ ಫೀಲ್ಡ್‌ಗೆ ಕಳಿಸಿದ್ದರೆ, ಅಲ್ಲಿ ಮಾತ್ರೆ ಹೆಚ್ಚಾಗಿದ್ದರೆ, ಅದು ಬೇರೆಯದೇ ವಾದ. ಸೇವೆಯಿಂದ ಬರದಿದ್ದರೂ ಸೇವೆಯಿಂದ ಹೆಚ್ಚಾಗಿದ್ದರೆ ಸಾಕು, ಎರಡರಲ್ಲಿ ಒಂದು ಇದ್ದರೆ ಹಕ್ಕು ಸಿಗುತ್ತದೆ.

ತುಂಬಾ ಜನ ಈಗಿನ ಆಸ್ಪತ್ರೆ ಚೀಟಿಗಳ ದೊಡ್ಡ ಕಟ್ಟನ್ನೇ ಲಗತ್ತಿಸುತ್ತಾರೆ. ಅಪೀಲು ಪರಿಶೀಲಿಸುವ ಸಮಿತಿಯವರು ನೋಡುವುದು ಸೇವೆಯಲ್ಲಿದ್ದಾಗಿನ ದಾಖಲೆ. ಈಗಿನ ಚೀಟಿ ಒಂದೆರಡು ಸಾಕು.

ಗಡುವು ದಾಟಿದ್ದಕ್ಕೆ ಹೆದರಬೇಡಿ. ತಾಯಿಯ ಆಸ್ಪತ್ರೆ ಡಿಸ್‌ಚಾರ್ಜ್ ಚೀಟಿ ಇಟ್ಟು, ತಡವಾದ ಕಾರಣ ಬರೆದು, ಮನ್ನಿಸಿ ಎಂದು ಅದೇ ಅಪೀಲಿನಲ್ಲಿ ಕೇಳಿ. ರೆಕಾರ್ಡ್ಸ್ ಮೂಲಕವೇ ಮೊದಲ ಅಪೀಲು ಸಮಿತಿಗೆ ಹೋಗುತ್ತದೆ. ಸ್ಪೀಡ್ ಪೋಸ್ಟ್ ಮಾಡಿ, ರಸೀದಿ ಜೋಪಾನವಾಗಿಡಿ.

ನಿವೃತ್ತ ಹವಿಲ್ದಾರ್ (ಸಿಗ್ನಲ್ಸ್), ಬಂಗಾರಪೇಟೆ

ನಾಯಬ್ ಸಾಬ್ ಹೇಳಿದ್ದು ಸರಿ. ನಾನು ಅದರ ಮುಂದಿನ ಹಂತದ ಬಗ್ಗೆ ಹೇಳುತ್ತೇನೆ, ಏಕೆಂದರೆ ನನಗೆ ಮೊದಲ ಅಪೀಲಿನಲ್ಲಿ ಸಿಗಲಿಲ್ಲ. ಎರಡನೆಯದರಲ್ಲೂ ಸಿಗಲಿಲ್ಲ. ಟ್ರಿಬ್ಯುನಲ್‌ನಲ್ಲಿ ಸಿಕ್ಕಿತು.

ಮೊದಲ ಅಪೀಲು ತಿರಸ್ಕಾರವಾದರೆ ಆರು ತಿಂಗಳೊಳಗೆ ಎರಡನೇ ಅಪೀಲು. ಅದೂ ಆಗದಿದ್ದರೆ ಸಶಸ್ತ್ರ ಪಡೆಗಳ ನ್ಯಾಯಮಂಡಳಿ, ಅದೇ ನಾನು ಹೇಳಿದ ಟ್ರಿಬ್ಯುನಲ್. 2007ರ ಕಾಯ್ದೆಯಿಂದ ಬಂದದ್ದು, 2009ರಿಂದ ಕೆಲಸ ಮಾಡುತ್ತಿದೆ. ನಮ್ಮ ಕರ್ನಾಟಕ ಕೊಚ್ಚಿ ಪೀಠಕ್ಕೆ ಸೇರುತ್ತದೆ. ಅರ್ಜಿ ಶುಲ್ಕ 250 ರೂಪಾಯಿ, ವಕೀಲರ ಫೀಸು ಬೇರೆ. ದೂರ ಎಂದು ಕೈಬಿಡಬೇಡಿ. ಪ್ರತಿ ಸಲ ನಾವೇ ಹೋಗಿ ನಿಲ್ಲಬೇಕಿಲ್ಲ, ವಕೀಲರು ನೋಡಿಕೊಳ್ಳುತ್ತಾರೆ. ಇದು ಕಾಗದದ ಮೇಲೆ ನಡೆಯುವ ಕೇಸು.

ಅಪೀಲಿಗೆ ಉತ್ತರವೇ ಬರಲಿಲ್ಲ ಎಂದು ವರ್ಷಗಟ್ಟಲೆ ಕಾಯುವವರು ನಮ್ಮ ಕಡೆ ಜಾಸ್ತಿ. ಆರು ತಿಂಗಳಲ್ಲಿ ಉತ್ತರ ಬರದಿದ್ದರೆ ಟ್ರಿಬ್ಯುನಲ್‌ಗೆ ಹೋಗುವ ದಾರಿ ಕಾಯ್ದೆಯಲ್ಲೇ ಇದೆ. ಸುಮ್ನೆ ಕಾದರೆ ನಷ್ಟ ನಮಗೇ. ಬಾಕಿ ಹಣವನ್ನು ಸಾಮಾನ್ಯವಾಗಿ ಅರ್ಜಿ ಹಾಕಿದ ದಿನದಿಂದ ಹಿಂದಿನ ಮೂರು ವರ್ಷಕ್ಕೆ ಮಾತ್ರ ಕೊಡುತ್ತಾರೆ. ತಡ ಮಾಡಿದಷ್ಟೂ ಹಳೆಯ ತಿಂಗಳುಗಳು ಕೈಬಿಟ್ಟು ಹೋಗುತ್ತವೆ.

ತೀರ್ಪುಗಳ ವಿಷಯ. ಧರಮ್‌ವೀರ್ ಸಿಂಗ್ ಕೇಸು ಪ್ರತಿಯೊಬ್ಬ ಜವಾನನಿಗೂ ಗೊತ್ತಿರಬೇಕು. ಅವರೂ ಸಿಗ್ನಲ್ಸ್‌ನವರೇ. 1985ರಲ್ಲಿ ಭರ್ತಿಯಾದರು. ಫಿಟ್ಸ್ ಬರುತ್ತದೆ ಎಂದು 1994ರಲ್ಲಿ ಬೋರ್ಡ್ ಔಟ್ ಮಾಡಿ (ಅನಾರೋಗ್ಯದ ಕಾರಣಕ್ಕೆ ಸೇವೆಯಿಂದ ಕಳಿಸಿ), ಶೇ 20 ಡಿಸಬಿಲಿಟಿ ಬರೆದು, ಸೇವೆಗೆ ಸಂಬಂಧವಿಲ್ಲ ಎಂದರು. 2013ರ ಜುಲೈನಲ್ಲಿ ಸುಪ್ರೀಂ ಕೋರ್ಟ್ ಅವರ ಪರ ತೀರ್ಪು ಕೊಟ್ಟಿತು. ಭರ್ತಿಯಾಗುವಾಗ ಕಾಯಿಲೆಯ ಬಗ್ಗೆ ಏನೂ ಬರೆದಿಲ್ಲ, ಬೋರ್ಡ್ ಕಾರಣವನ್ನೂ ಕೊಟ್ಟಿಲ್ಲ, ಹಾಗಿರುವಾಗ ಅನುಮಾನದ ಲಾಭ ಸೈನಿಕನಿಗೇ ಎಂದಿತು. ಕಾಯಿಲೆ ಸೇವೆಯಿಂದಲೇ ಬಂತು ಎಂದು ಸೈನಿಕನೇ ಸಾಬೀತು ಮಾಡಬೇಕಿಲ್ಲ ಎಂದೂ ಹೇಳಿತು. 2025ರ ಮೇ ತಿಂಗಳಲ್ಲಿ ಇನ್ನೊಬ್ಬ ಸೈನಿಕ ರಾಜುಮೋನ್ ಅವರ ಕೇಸಿನಲ್ಲೂ ಸುಪ್ರೀಂ ಕೋರ್ಟ್ ಅಷ್ಟೇ, ಕಾರಣ ಬರೆಯದ ಬೋರ್ಡ್ ಅಭಿಪ್ರಾಯ ನಿಲ್ಲುವುದಿಲ್ಲ ಎಂದರು.

ಒಂದು ಎಚ್ಚರ. ಧರಮ್‌ವೀರ್ ಕೇಸು ಡಿಸಬಿಲಿಟಿ ಪೆನ್ಷನ್ ಯಾರಿಗೆ ಎಂದು ಹೇಳುವ 1982ರ ನಿಯಮದ ಮೇಲೆ ನಿಂತದ್ದು. ನೀವು 2023ರ ಜೂನ್‌ನಲ್ಲಿ ನಿವೃತ್ತರಾದವರು, ನಿಮಗೆ 2008ರ ನಿಯಮ. ಅದರಲ್ಲಿ ಮಾತು ಬಿಗಿಯಾಗಿದೆ. ಸೇವೆಯಲ್ಲಿದ್ದಾಗ ಕಾಯಿಲೆ ಕಾಣಿಸಿಕೊಂಡಿತು ಎಂಬುದೊಂದೇ ಸಾಲದು ಎನ್ನುತ್ತದೆ. 2023ರ ಸೆಪ್ಟೆಂಬರ್ 21ರಿಂದ ಈಚೆಗೆ ನಿವೃತ್ತರಾದವರಿಗೆ ಇನ್ನೊಂದು ಹೊಸ ನಿಯಮ ಇದೆ. ಆದ್ದರಿಂದ ತೀರ್ಪಿನ ಹೆಸರು ಬರೆದುಬಿಟ್ಟರೆ ಆಯಿತು ಎಂದುಕೊಳ್ಳಬೇಡಿ. ಸಾಬ್ ಹೇಳಿದ ಪೋಸ್ಟಿಂಗ್ ವಿವರವೇ ನಿಮ್ಮ ಅಪೀಲಿನ ಜೀವಾಳ.

ಮಾಜಿ ಸೈನಿಕರ ಪತ್ನಿ, ಶ್ರೀನಿವಾಸಪುರ

ಅಣ್ಣಾ, ನಮ್ಮದು ಕಾಯಿಲೆ ಅಲ್ಲ, ಪೆಟ್ಟು. ಬೇರೆಯವರಿಗೆ ಉಪಯೋಗ ಆಗಬಹುದು ಎಂದು ಬರೆಯುತ್ತಿದ್ದೇನೆ. ನಮ್ಮ ಯಜಮಾನರು ಯೂನಿಟ್‌ನಲ್ಲಿ ಸಂಜೆ ವಾಲಿಬಾಲ್ ಆಡುವಾಗ ಬಿದ್ದು ಮಂಡಿಯ ಲಿಗಮೆಂಟ್ ಹರಿಯಿತು. ಶೇ 20 ಬರೆದರು. ಆಟದಲ್ಲಿ ಆದ ಪೆಟ್ಟು, ಡ್ಯೂಟಿಯಲ್ಲಿ ಅಲ್ಲ ಎಂದು ತಿರಸ್ಕರಿಸಿದರು. ಯೂನಿಟ್‌ನವರೇ ಏರ್ಪಡಿಸಿದ ಆಟ, ಪಿಟಿ ಇವೆಲ್ಲ ಡ್ಯೂಟಿಗೇ ಸೇರುತ್ತವೆ ಎಂದು ನಿಯಮದಲ್ಲಿ ಇದೆ. ನಮಗೆ ಅದು ಗೊತ್ತಿರಲಿಲ್ಲ, ಊರಿನ ಹಿರಿಯ ಸುಬೇದಾರರೊಬ್ಬರು ಹೇಳಿದರು.

ತೊಂದರೆ ಆಗಿದ್ದು ಇಂಜುರಿ ರಿಪೋರ್ಟ್‌ನಿಂದ. ಪೆಟ್ಟಾದಾಗ ಕಮಾಂಡಿಂಗ್ ಆಫೀಸರ್ ಸಹಿ ಹಾಕಿದ ವರದಿ ಒಂದು ಇರಬೇಕು. ಇವರ ಫೈಲಿನಲ್ಲಿ ಅದೇ ಇರಲಿಲ್ಲ. ಯೂನಿಟ್‌ಗೆ ಪತ್ರ ಬರೆದೆವು. ಸೇನಾ ಆಸ್ಪತ್ರೆಗೆ ಸೇರಿಸಿಕೊಂಡ ದಿನದ ಚೀಟಿಯಲ್ಲಿ "ಗೇಮ್ಸ್ ಆಡುವಾಗ ಬಿದ್ದದ್ದು" ಎಂದು ಡಾಕ್ಟರೇ ಬರೆದಿದ್ದರು. ಅವತ್ತು ಜೊತೆಯಲ್ಲಿ ಆಡಿದ ಇಬ್ಬರು ಹೇಳಿಕೆ ಬರೆದುಕೊಟ್ಟರು. ಇಷ್ಟನ್ನು ಇಟ್ಟ ಮೇಲೆ ಮೊದಲ ಅಪೀಲಿನಲ್ಲೇ ಒಪ್ಪಿದರು. ಈಗ ಸೇವೆಯಲ್ಲಿರುವ ತಮ್ಮಂದಿರು ಯಾರಾದರೂ ಓದುತ್ತಿದ್ದರೆ ಕೇಳಿ: ಪೆಟ್ಟಾದ ವಾರದಲ್ಲೇ ಇಂಜುರಿ ರಿಪೋರ್ಟ್ ಪ್ರತಿ ತೆಗೆದುಕೊಂಡು ಮನೆಗೆ ಕಳಿಸಿಬಿಡಿ. ಹತ್ತು ವರ್ಷ ಆದ ಮೇಲೆ ಹುಡುಕುವುದು ಬಹಳ ಕಷ್ಟ.

ವಕೀಲರು, ಚಿಕ್ಕಬಳ್ಳಾಪುರ

ವಕೀಲರ ಫೀಸಿನ ಚಿಂತೆ ಇರುವವರಿಗೆ ಒಂದು ಮಾತು. 1987ರ ಕಾನೂನು ಸೇವೆಗಳ ಪ್ರಾಧಿಕಾರ ಕಾಯ್ದೆಯ 12ನೇ ಕಲಮಿನಲ್ಲಿ ಅಂಗವೈಕಲ್ಯ ಇರುವವರಿಗೆ ಉಚಿತ ಕಾನೂನು ನೆರವಿದೆ. ಮಹಿಳೆಯರಿಗೂ ಇದೆ. ಯೋಧರ ಪತ್ನಿಯರು, ತಾಯಂದಿರು ಇದನ್ನು ಮರೆಯಬಾರದು. ಜಿಲ್ಲಾ ನ್ಯಾಯಾಲಯದಲ್ಲೇ ಜಿಲ್ಲಾ ಕಾನೂನು ಸೇವೆಗಳ ಪ್ರಾಧಿಕಾರದ ಕಚೇರಿ ಇರುತ್ತದೆ. ಅಲ್ಲಿ ಅರ್ಜಿ ಕೊಡಿ. ರಾಜ್ಯದ ಸೈನಿಕ ಕಲ್ಯಾಣ ಮತ್ತು ಪುನರ್ವಸತಿ ಇಲಾಖೆಯವರೂ ಪತ್ರವ್ಯವಹಾರಕ್ಕೆ ಸಹಾಯ ಮಾಡುತ್ತಾರೆ, ಹಣ ಕೇಳುವುದಿಲ್ಲ. ಬಾಕಿಯಲ್ಲಿ ಪಾಲು ಕೇಳುವವರು ವಕೀಲರೇ ಆಗಿದ್ದರೆ, ಅದು ವಕೀಲಿ ವೃತ್ತಿಯ ನಿಯಮಕ್ಕೇ ವಿರುದ್ಧ. ವಕೀಲರಲ್ಲದಿದ್ದರೆ ನಿಮ್ಮ ಪರ ಟ್ರಿಬ್ಯುನಲ್‌ನಲ್ಲಿ ಅವರು ಮಾಡುವ ಕೆಲಸವಾದರೂ ಏನು? ನನ್ನ ಹತ್ತಿರ ಬರುವ ಹಳೆಯ ಯೋಧರನ್ನು ನೋಡಿದಾಗ ಸಂಕಟವಾಗುತ್ತದೆ. ಗಡಿಯಲ್ಲಿ ನಿಂತವರು ಇಲ್ಲಿ ಬಂದು ಮಧ್ಯವರ್ತಿಗಳ ಬಾಗಿಲಲ್ಲಿ ನಿಲ್ಲಬಾರದು.

ನಿವೃತ್ತ ಸುಬೇದಾರ್, ಶಿರಾ

ಎಷ್ಟು ಹಣ ಬರುತ್ತದೆ ಎಂದು ಯಾರೂ ಹೇಳಲಿಲ್ಲ, ಲೆಕ್ಕ ಕೊಡುತ್ತೇನೆ. ಶೇ 100 ಡಿಸಬಿಲಿಟಿ ಇದ್ದರೆ ಕೊನೆಯ ಸಂಬಳದ ಶೇ 30. ಕಡಿಮೆ ಇದ್ದರೆ ಅದೇ ಪ್ರಮಾಣದಲ್ಲಿ ಇಳಿಯುತ್ತದೆ. ಮೂಲ ವೇತನ 40,000, ಮಿಲಿಟರಿ ಸರ್ವಿಸ್ ಪೇ 5,200, ಒಟ್ಟು 45,200 ಎಂದುಕೊಳ್ಳಿ. ಪೂರ್ತಿಗೆ 13,560. ಶೇ 30ಕ್ಕೆ 4,068. ಆದರೆ ಶೇ 50ಕ್ಕಿಂತ ಕಡಿಮೆ ಇರುವುದನ್ನು 50ಕ್ಕೆ ಏರಿಸುವ ಪದ್ಧತಿ ಇದೆ. ಹಾಗೆ ಏರಿಸಿದರೆ 6,780, ಮೇಲೆ ತುಟ್ಟಿಭತ್ಯೆ. ಅವಧಿ ಮುಗಿಸಿ ನಿವೃತ್ತರಾದವರಿಗೂ ಇದು ಸಲ್ಲಬೇಕು ಎಂದು ರಾಮ್ ಅವತಾರ್ ಕೇಸಿನಲ್ಲಿ 2014ರ ಡಿಸೆಂಬರ್‌ನಲ್ಲಿ ಸುಪ್ರೀಂ ಕೋರ್ಟ್ ಹೇಳಿದೆ. ಅಪೀಲಿನಲ್ಲೂ ಟ್ರಿಬ್ಯುನಲ್ ಅರ್ಜಿಯಲ್ಲೂ ಇದನ್ನು ಬಾಯಿಬಿಟ್ಟು ಕೇಳಬೇಕು. ಬೋರ್ಡ್ ಶೇ 20ಕ್ಕಿಂತ ಕಡಿಮೆ ಬರೆದಿದ್ದರೆ ದಾರಿ ಬೇರೆ. ಮೊದಲು ಆ ಅಂಕಿಯನ್ನೇ ಪ್ರಶ್ನಿಸಬೇಕಾಗುತ್ತದೆ.

ಕೇಳಿದವರು

ಎಲ್ಲರಿಗೂ ತುಂಬಾ ಧನ್ಯವಾದ. ಆ ವ್ಯಕ್ತಿಗೆ ಬೇಡ ಎಂದು ಹೇಳಿದೆ. ಬೋರ್ಡ್ ಪ್ರತಿ ಹಳೆಯ ಪೆಟ್ಟಿಗೆಯಲ್ಲೇ ಸಿಕ್ಕಿತು. ನಾಯಬ್ ಸಾಬ್ ಹೇಳಿದ ಹಾಗೇ ಇದೆ: 2016ರಲ್ಲಿ ಪೀಸ್ ಸ್ಟೇಷನ್‌ನಲ್ಲಿ ಶುರು, ಸೇವೆಗೆ ಸಂಬಂಧವಿಲ್ಲ, ಅಷ್ಟೇ. ಅದಕ್ಕೆ ಮೊದಲು ನಾನು ಕಾಶ್ಮೀರದ ಕುಪ್ವಾರದಲ್ಲಿದ್ದೆ. 2018ರಲ್ಲಿ ಮತ್ತೆ ಲೇಹ್ ಕಡೆ ಕಳಿಸಿದರು, ಅಲ್ಲಿ ಮಾತ್ರೆ ಒಂದರಿಂದ ಎರಡಾಯಿತು. ಇದನ್ನು ಹೇಗೆ ಬರೆಯಲಿ?

ನಿವೃತ್ತ ನಾಯಬ್ ಸುಬೇದಾರ್ (ಕ್ಲರ್ಕ್), ತುಮಕೂರು

ನಿಮ್ಮ ಕೇಸಿನಲ್ಲಿ ಎರಡೂ ವಾದ ಇವೆ ಸರ್. ಮೊದಲ ಪ್ಯಾರಾದಲ್ಲಿ ಕುಪ್ವಾರ: ಎಂದಿನಿಂದ ಎಂದಿನವರೆಗೆ ಇದ್ದಿರಿ, ರಾತ್ರಿ ಗಸ್ತು, ಹೊಂಚು ಡ್ಯೂಟಿ ಏನೇನು ಮಾಡಿದಿರಿ, ಅಲ್ಲಿಂದ ಪೀಸ್‌ಗೆ ಬಂದ ಎಷ್ಟು ತಿಂಗಳಿಗೆ ಬಿಪಿ ಪತ್ತೆಯಾಯಿತು. ಭರ್ತಿಯಾದಾಗ ಬಿಪಿ ಸರಿಯಿತ್ತು ಎಂದು ಆ ದಿನದ ಅಂಕಿ ಸಮೇತ ಬರೆಯಿರಿ. ಎರಡನೇ ಪ್ಯಾರಾದಲ್ಲಿ ಲೇಹ್: ಬಿಪಿ ಇದೆ ಎಂದು ಗೊತ್ತಿದ್ದೂ ಎತ್ತರದ ಪ್ರದೇಶಕ್ಕೆ ಪೋಸ್ಟಿಂಗ್ ಆಯಿತು, ಅಲ್ಲಿ ಮಾತ್ರೆ ಹೆಚ್ಚಾಯಿತು, ಇದು ಸೇವೆಯಿಂದ ಹೆಚ್ಚಾದ ಕಾಯಿಲೆ. ಮಾತ್ರೆ ಹೆಚ್ಚಿಸಿದ ಚೀಟಿ ಇದ್ದರೆ ಅದೇ ನಿಮ್ಮ ಮುಖ್ಯ ಲಗತ್ತು. ಇಲ್ಲದಿದ್ದರೆ ಆಗಿನ ಕ್ಯಾಟಗರಿ ಬೋರ್ಡ್ ಕಾಗದವನ್ನು ಆರ್‌ಟಿಐಯಲ್ಲಿ ಕೇಳಿ. ಮೂರನೆಯದರಲ್ಲಿ, ಸಂಬಂಧವಿಲ್ಲ ಎನ್ನಲು ಬೋರ್ಡ್ ಯಾವ ವೈದ್ಯಕೀಯ ಕಾರಣವನ್ನೂ ಕೊಟ್ಟಿಲ್ಲ ಎಂದು ಬರೆದು ರಾಜುಮೋನ್ ತೀರ್ಪನ್ನು ಹೆಸರಿಸಿ. ಕೊನೆಗೆ ಶೇ 50ಕ್ಕೆ ಏರಿಸಿಕೊಡಿ ಎಂಬ ಬೇಡಿಕೆ ಮತ್ತು ತಡವಾದ ಕಾರಣ.

ಬೈಗುಳ ಬೇಡ, ಕಣ್ಣೀರು ಬೇಡ, ತಾರೀಖು ಇರಲಿ. ಕರಡು ಬರೆದಾದ ಮೇಲೆ ಇಲ್ಲೇ ತೋರಿಸಿ, ಬಂಗಾರಪೇಟೆಯವರೂ ನಾನೂ ಓದಿ ತಿದ್ದಿಕೊಡುತ್ತೇವೆ. ಫೋಟೋ ಹಾಕುವ ಮುಂಚೆ ಸರ್ವಿಸ್ ನಂಬರ್, ಪೆನ್ಷನ್ ಆದೇಶದ ನಂಬರ್ ಎರಡನ್ನೂ ಮುಚ್ಚಿ.