ನಿಂಬೆ ನೀರು ಮತ್ತೆ ಒಂದು ಡಬ್ಬ ಬಾದಾಮಿ-ಗೋಡಂಬಿ: ಮೂರು ತಿಂಗಳಾಯ್ತು, ತೂಕ ಏರಿದೆ, ಎಲ್ಲಿ ಎಡವಿದೆ?

ಮುಂಜಾನೆ_ಮನುಷ್ಯ
ಎಲ್ರಿಗೂ ನಮಸ್ಕಾರ. ನಂಗೆ 43, ದಿನವಿಡೀ ಕೂತು ಮಾಡೋ ಕೆಲಸ. ವರ್ಷದ ಚೆಕಪ್‌ನಲ್ಲಿ ಎಲ್‌ಡಿಎಲ್ (ಕೆಟ್ಟ ಕೊಲೆಸ್ಟ್ರಾಲ್) 142 ಬಂತು, ಡಾಕ್ಟ್ರು ಈಗ್ಲೇ ಮಾತ್ರೆ ಬೇಡ, ಊಟ ತಿಂಡಿ ಸರಿ ಮಾಡ್ಕೊಂಡು ಆರು ತಿಂಗಳು ಬಿಟ್ಟು ಬನ್ನಿ ಅಂದ್ರು. ನಾನು ನಾಲ್ಕು ವಿಡಿಯೋ ನೋಡಿ ಶುರು ಹಚ್ಕೊಂಡೆ. ಎದ್ದ ತಕ್ಷಣ ಬಿಸಿನೀರಿಗೆ ಒಂದಿಡೀ ನಿಂಬೆಹಣ್ಣು ಹಿಂಡಿ, ಎರಡು ದೊಡ್ಡ ಚಮಚ ಜೇನುತುಪ್ಪ ಕಲಸಿ ಅರ್ಧ ಗಂಟೆ ಒಂದೊಂದೇ ಗುಟುಕು ಕುಡಿಯೋದು, ಮುಗಿದ ಕೂಡ್ಲೇ ಹಲ್ಲುಜ್ಜೋದು. ಆಮೇಲೆ ಬಾದಾಮಿ, ಗೋಡಂಬಿ, ವಾಲ್‌ನಟ್ ಎಲ್ಲಾ ಬೆರೆಸಿದ ಡಬ್ಬ ಕೆಲಸದ ಟೇಬಲ್ ಮೇಲೇ ಇರುತ್ತೆ, ಕೈ ಹೋದಾಗೆಲ್ಲ ಒಂದಷ್ಟು ಬಾಯಿಗೆ. ಈಗ ನೋಡಿದ್ರೆ ತೂಕ ಎರಡೂವರೆ ಕೆಜಿ ಜಾಸ್ತಿ, ತಣ್ಣೀರು ತಾಗಿದ್ರೆ ಹಲ್ಲು ಜುಮ್ ಅನ್ನುತ್ತೆ. ಕೊಲೆಸ್ಟ್ರಾಲ್ ಇನ್ನೂ ಚೆಕ್ ಮಾಡ್ಸಿಲ್ಲ, ನಿಜ ಹೇಳ್ಬೇಕಂದ್ರೆ ಭಯ. ಇವೆರಡರಲ್ಲಿ ಏನಾದ್ರೂ ಸತ್ವ ಇದೆಯಾ ಅಥವಾ ಬರೀ ಬಿಲ್ಡಪ್ಪಾ?

ಸಂಶಯದ_ಗೂಬೆ
ಮೊದ್ಲು ಒಂದ್ ಕೆಲ್ಸ ಮಾಡಿ ಸರ್, ಬೆಳಗ್ಗೆ ಆ ಡಬ್ಬ ತೂಕ ಹಾಕಿ, ರಾತ್ರಿ ಮಲಗೋಕೆ ಮುಂಚೆ ಮತ್ತೆ ಹಾಕಿ. ಎಷ್ಟು ಕಮ್ಮಿ ಆಗಿದೆ ಅಂತ ಇಲ್ಲಿ ಬರೀರಿ, ಆಮೇಲೆ ಮಾತಾಡೋಣ.

ಮುಂಜಾನೆ_ಮನುಷ್ಯ
ಹಾಕ್ದೆ. 95 ಗ್ರಾಂ 😐 ನಾನು ಒಂದ್ ಹಿಡಿ ಅಂದ್ಕೊಂಡಿದ್ದೆ.

ಸಂಶಯದ_ಗೂಬೆ
ಅಲ್ಲೇ ಇದೆ ನೋಡಿ. 95 ಗ್ರಾಂ ಅಂದ್ರೆ ಸುಮಾರು 570 ಕ್ಯಾಲೊರಿ, ಎರಡು ದೊಡ್ಡ ಚಮಚ ಜೇನು ಇನ್ನೊಂದು 120 ಚಿಲ್ಲರೆ, ಒಟ್ಟು ಒಂದು ಹೊತ್ತಿನ ಊಟದಷ್ಟು ಆಯ್ತು, ಅದೂ ಮೂರು ಹೊತ್ತಿನ ಊಟದ ಮೇಲೆ. ಅಧ್ಯಯನಗಳಲ್ಲಿ ಸಾಮಾನ್ಯವಾಗಿ ಕೊಡೋದು ದಿನಕ್ಕೆ 30 ಗ್ರಾಂ ಆಸುಪಾಸು. ಬರೀ ಬಾದಾಮಿ ಆದ್ರೆ 28 ಗ್ರಾಂಗೆ ಸುಮಾರು 23 ಬರುತ್ತೆ, ಎಣಿಸಿ ಒಂದು ಬಟ್ಟಲಿಗೆ ಹಾಕ್ಕೊಂಡು ಡಬ್ಬದ ಮುಚ್ಚಳ ಹಾಕಿ ಒಳಗಿಡಿ. ಅರ್ಧ ಕಾಯಿಲೆ ಆ ಡಬ್ಬ ಟೇಬಲ್ ಮೇಲಿರೋದೇ.

ಒಂದು ಸಮಾಧಾನ ಅಂದ್ರೆ, ಇಡೀ ಬಾದಾಮಿ ತಿಂದ್ರೆ ಪ್ಯಾಕೆಟ್ ಮೇಲೆ ಬರೆದಷ್ಟು ಕ್ಯಾಲೊರಿ ಮೈಗೆ ಹತ್ತಲ್ಲ. 2012ರಲ್ಲಿ ಅಮೆರಿಕದ ಕೃಷಿ ಇಲಾಖೆಯ ಸಂಶೋಧಕರು ಅಳೆದಾಗ 28 ಗ್ರಾಂಗೆ 160-170 ಅಲ್ಲ, ಸುಮಾರು 129 ಅಂತ ಬಂತು. ಕಾಳಿನ ಜೀವಕೋಶದ ಗೋಡೆ ಹಲ್ಲಿಗೆ ಪೂರ್ತಿ ಒಡೆಯಲ್ಲ, ಒಳಗಿನ ಕೊಬ್ಬು ಒಂದಷ್ಟು ಹಾಗೇ ಆಚೆ ಹೋಗುತ್ತೆ. ಅರೆದು ಪೇಸ್ಟ್ ಮಾಡಿದ್ರೆ ಆ ರಿಯಾಯ್ತಿ ಸಿಗಲ್ಲ.

ಲ್ಯಾಬ್_ಕೋಟು
ಬಿಲ್ಡಪ್ ಅಲ್ಲ, ನಟ್ಸ್ ವಿಷಯದಲ್ಲಂತೂ ಅಲ್ಲ. ಆದ್ರೆ ಅದು ಕೆಲಸ ಮಾಡೋದು ಇನ್ನೇನನ್ನೋ ಕೆಳಗಿಳಿಸಿ ಅದರ ಕುರ್ಚಿಲಿ ಕೂತಾಗ. ಸಂಜೆ ಬಿಸ್ಕತ್ತು ಬಿಟ್ಟು ಅದರ ಜಾಗಕ್ಕೆ ವಾಲ್‌ನಟ್ ಬಂದ್ರೆ ಸ್ಯಾಚುರೇಟೆಡ್ ಕೊಬ್ಬು ಹೋಗಿ ಅನ್‌ಸ್ಯಾಚುರೇಟೆಡ್ ಬರುತ್ತೆ, ಜೊತೆಗೆ ನಾರು, ಸಸ್ಯದ ಸ್ಟೆರಾಲ್‌ಗಳು, ಇವೆಲ್ಲ ಸೇರಿ ಎಲ್‌ಡಿಎಲ್ ಸ್ವಲ್ಪ ಇಳಿಯುತ್ತೆ. ಬಿಸ್ಕತ್ತೂ ಇದ್ದು ವಾಲ್‌ನಟ್ಟೂ ಬಂದ್ರೆ ತೂಕ ಏರುತ್ತೆ, ನಿಮಗಾಗಿರೋದು ಅದೇ ಅನ್ಸುತ್ತೆ.

ಸ್ಪೇನ್‌ನಲ್ಲಿ ಪ್ರೆಡಿಮೆಡ್ ಅಂತ ದೊಡ್ಡ ಅಧ್ಯಯನ ಆಯ್ತು, ಹೃದ್ರೋಗದ ಅಪಾಯ ಜಾಸ್ತಿ ಇದ್ದ 7447 ಜನ, ಒಂದು ಗುಂಪಿಗೆ ದಿನಕ್ಕೆ 30 ಗ್ರಾಂ ನಟ್ಸ್, ಅದರಲ್ಲಿ ಅರ್ಧ ವಾಲ್‌ನಟ್, ಮಿಕ್ಕಿದ್ದು ಬಾದಾಮಿ ಮತ್ತೆ ಹೇಝಲ್‌ನಟ್. ಹೃದಯಾಘಾತ, ಪಾರ್ಶ್ವವಾಯು, ಹೃದ್ರೋಗದ ಸಾವು ಎಲ್ಲಾ ಸೇರಿಸಿ ನೋಡಿದ್ರೆ ಸುಮಾರು 30 ಪರ್ಸೆಂಟ್ ಕಮ್ಮಿ. 2013ರಲ್ಲಿ ಬಂದ ಪೇಪರನ್ನ, ಜನರನ್ನ ಗುಂಪಿಗೆ ಹಂಚಿದ್ರಲ್ಲಿ ಎಡವಟ್ಟಾಗಿತ್ತು ಅಂತ 2018ರಲ್ಲಿ ವಾಪಸ್ ತಗೊಂಡು ಹೊಸದಾಗಿ ಲೆಕ್ಕ ಹಾಕಿ ಮತ್ತೆ ಪ್ರಕಟಿಸಿದ್ರು. ಅಂಕಿ ಹೆಚ್ಚು ಕಮ್ಮಿ ಅದೇ ಉಳೀತು, ಮಾತಿನ ಜೋರು ಮಾತ್ರ ಇಳೀತು. ಇದನ್ನ ಯಾವ ವಿಡಿಯೋದವ್ರೂ ಹೇಳಲ್ಲ, ಅದಕ್ಕೇ ಹೇಳ್ದೆ. ಇನ್ನೊಂದು, ಆ ಗುಂಪಿನವ್ರ ಊಟದ ರೀತಿಯೇ ಬೇರೆ ಇತ್ತು, ಬರೀ ನಟ್ಸ್ ಮಾಡಿದ ಪವಾಡ ಅಲ್ಲ.

ಪ್ರಕೃತಿ_ಪ್ರಿಯೆ
ಎಲ್ರೂ ನಟ್ಸ್ ಬಗ್ಗೆನೇ ಮಾತಾಡ್ತಿದೀರಾ, ನಿಂಬೆ ಬಿಡಬೇಡಿ ಸರ್. ಖಾಲಿ ಹೊಟ್ಟೇಲಿ ಕುಡಿದ್ರೆ ರಕ್ತ ಆಲ್ಕಲೈನ್ (ಕ್ಷಾರೀಯ) ಆಗುತ್ತೆ, ಲಿವರ್ ಕ್ಲೀನ್ ಆಗುತ್ತೆ, ಬೊಜ್ಜು ಕರಗುತ್ತೆ. ನಾನು ಆರು ವರ್ಷದಿಂದ ಕುಡೀತಿದೀನಿ, ಏನೂ ಆಗಿಲ್ಲ.

ಸಂಶಯದ_ಗೂಬೆ
ಮೇಡಂ ಬೇಜಾರ್ ಮಾಡ್ಕೋಬೇಡಿ. ರಕ್ತದ ಪಿಎಚ್ (ಹುಳಿ-ಕ್ಷಾರದ ಅಳತೆ, ಕಮ್ಮಿ ಆದಷ್ಟೂ ಹುಳಿ) 7.35ರಿಂದ 7.45ರ ಒಳಗೇ ಇರ್ಬೇಕು, ಅದನ್ನ ಶ್ವಾಸಕೋಶ ಮತ್ತೆ ಕಿಡ್ನಿ ನೋಡ್ಕೊಳ್ತವೆ, ಒಂದು ನಿಂಬೆಹಣ್ಣಿಂದ ಅದು ಅಲ್ಲಾಡೋ ಹಾಗಿದ್ರೆ ನಾವ್ಯಾರೂ ಬದುಕಿರ್ತಿರಲಿಲ್ಲ. ಬದಲಾಗೋದು ಮೂತ್ರದ ಪಿಎಚ್ ಮಾತ್ರ. ಲಿವರ್ ಕ್ಲೀನ್ ಮಾಡೋ, ಬೊಜ್ಜು ಕರಗಿಸೋ ಶಕ್ತಿ ನಿಂಬೆಗಿಲ್ಲ, ಸಕ್ಕರೆ ಹಾಕಿದ ಜ್ಯೂಸ್ ಬಿಟ್ಟು ಅದನ್ನ ಕುಡಿದ್ರೆ ಆ ಸಕ್ಕರೆ ಉಳೀತು, ಅಷ್ಟೇ.

ಹಾಗಂತ ನಿಂಬೆ ಸಾಮಾನ್ಯ ಅಲ್ಲ. 1747ರಲ್ಲಿ ಜೇಮ್ಸ್ ಲಿಂಡ್ ಅನ್ನೋ ಹಡಗಿನ ವೈದ್ಯ ಸ್ಕರ್ವಿ (ವಿಟಮಿನ್ ಸಿ ಕೊರತೆಯ ರೋಗ) ಬಂದಿದ್ದ 12 ನಾವಿಕರನ್ನ ಇಬ್ಬಿಬ್ಬರಂತೆ ಆರು ಜೋಡಿ ಮಾಡಿ ಒಂದೊಂದು ಜೋಡಿಗೆ ಒಂದೊಂದು ಕೊಟ್ಟ, ವಿನೆಗರ್, ಸಮುದ್ರದ ನೀರು ಹೀಗೆ. ದಿನಕ್ಕೆ ಎರಡು ಕಿತ್ತಳೆ ಒಂದು ನಿಂಬೆ ತಿಂದ ಜೋಡಿ ವಾರದೊಳಗೆ ಚೇತರಿಸ್ಕೊಳ್ತು. ಬ್ರಿಟಿಷ್ ನೌಕಾಪಡೆ ಎಲ್ರಿಗೂ ನಿಂಬೆರಸ ಕೊಡೋಕೆ ಶುರು ಮಾಡಿದ್ದು 1795ರಲ್ಲಿ, ಅಂದ್ರೆ ನಲವತ್ತೆಂಟು ವರ್ಷ ತಗೊಂಡ್ರು!! ಆದ್ರೆ ಅವರಿಗಿದ್ದ ಕೊರತೆ ನಮಗಿಲ್ಲ. ಒಂದು ನಿಂಬೆಹಣ್ಣಿನ ರಸದಲ್ಲಿ ಹೆಚ್ಚು ಕಮ್ಮಿ 20 ಮಿಗ್ರಾಂ ವಿಟಮಿನ್ ಸಿ, ದೊಡ್ಡವರಿಗೆ ದಿನಕ್ಕೆ ಬೇಕಾಗೋದು 75-90. ಉಪಯೋಗ ಇದೆ, ಮ್ಯಾಜಿಕ್ ಇಲ್ಲ.

ಒಗ್ಗರಣೆ_ಚಮಚ
ನಿಂಬೆ ಹಿಂಡೋ ಹೊತ್ತೇ ತಪ್ಪು ಅಂತ ನನ್ನ ವಾದ. ನಂಗೆ ಹಿಮೋಗ್ಲೋಬಿನ್ ಕಮ್ಮಿ ಆಗಿ 9.8 ಇತ್ತು, ಮಾಂಸ ತಿನ್ನಲ್ಲ. ಸೊಪ್ಪು, ಕಾಳು, ನಟ್ಸ್ ಎಲ್ಲದ್ರಲ್ಲೂ ಕಬ್ಬಿಣ ಇದೆ ಆದ್ರೆ ಫೈಟೇಟ್ ಅನ್ನೋದೂ ಇದೆ, ಅದು ಕಬ್ಬಿಣನ ಹಿಡ್ಕೊಂಡ್ಬಿಡುತ್ತೆ, ಮೈ ಹೀರ್ಕೊಳ್ಳೋಕೆ ಬಿಡಲ್ಲ, ವಿಟಮಿನ್ ಸಿ ಅದೇ ತುತ್ತಲ್ಲಿ ಇದ್ರೆ ಆ ಹಿಡಿತ ಸಡಿಲ ಆಗುತ್ತೆ. ಅದೇ ತುತ್ತಲ್ಲಿ, ಎರಡು ಗಂಟೆ ಮುಂಚೆ ಖಾಲಿ ಹೊಟ್ಟೇಲಿ ಅಲ್ಲ. ಅದಕ್ಕೇ ನಾನು ಒಲೆ ಆರಿಸಿದ್ಮೇಲೆ ತಟ್ಟೆಲಿರೋ ಊಟಕ್ಕೇ ಹಿಂಡ್ತೀನಿ, ಕುದಿಸಿದ್ರೆ ವಿಟಮಿನ್ ಸಿ ಹಾಳಾಗುತ್ತೆ. ಊಟದ ಜೊತೆ ಟೀ ಬಿಟ್ಟಿದೀನಿ, ಅದೂ ಕಬ್ಬಿಣಕ್ಕೆ ಅಡ್ಡ. ಡಾಕ್ಟರ್ ಮಾತ್ರೇನೂ ಕೊಟ್ಟಿದ್ರು ಹಾಗಾಗಿ 12ಕ್ಕೆ ಏರಿದ್ದು ಪೂರ್ತಿ ನಿಂಬೆ ಪುಣ್ಯ ಅಂತ ಹೇಳಲ್ಲ.

ಮತ್ತೆ ನಿಮ್ಮ ಹಲ್ಲು! ನಿಂಬೆರಸದ ಪಿಎಚ್ ಎರಡು-ಎರಡೂವರೆ, ಬಾಯಲ್ಲಿ ಪಿಎಚ್ 5.5ಕ್ಕಿಂತ ಕೆಳಗೆ ಹೋದ್ರೆ ಹಲ್ಲಿನ ಎನಾಮಲ್ (ಗಟ್ಟಿ ಹೊರಪದರ) ಕರಗೋಕೆ ಶುರು. ನೀವು ಅರ್ಧ ಗಂಟೆ ಅದರಲ್ಲಿ ಹಲ್ಲು ನೆನೆಸಿ, ಮೆತ್ತಗಾದ ಮೇಲೆ ಬ್ರಷ್ ಹಾಕಿ ತಿಕ್ತಿದೀರಿ. ಮೊದ್ಲು ಹಲ್ಲುಜ್ಜಿ, ಆಮೇಲೆ ಕುಡೀರಿ, ಬೇಗ ಕುಡಿದು ಮುಗಿಸಿ, ಬರೀ ನೀರಲ್ಲಿ ಬಾಯಿ ಮುಕ್ಕಳಿಸಿ. ಕರಗಿದ ಎನಾಮಲ್ ಮತ್ತೆ ಬೆಳೆಯಲ್ಲ, ಡೆಂಟಿಸ್ಟ್‌ಗೆ ಒಂದ್ಸಲ ತೋರಿಸಿ.

ಎರಡ್_ಮಕ್ಳ_ಅಮ್ಮ
ಮಧ್ಯದಲ್ಲಿ ಬಾಯಿ ಹಾಕ್ತಿದೀನಿ, ಮನೇಲಿ ಚಿಕ್ಕ ಮಕ್ಕಳಿದ್ರೆ ಆ ಡಬ್ಬ ಟೇಬಲ್ ಮೇಲೆ ಖಂಡಿತ ಬೇಡ. ನಾಲ್ಕೈದು ವರ್ಷ ಆಗೋವರೆಗೂ ಇಡೀ ನಟ್ಸ್ ಕೊಡಬಾರ್ದು, ಗಂಟಲಲ್ಲಿ ಸಿಕ್ಕಾಕೊಳ್ಳುತ್ತೆ, ಪುಡಿ ಮಾಡಿಯೋ ನುಣ್ಣಗೆ ಅರೆದು ತೆಳ್ಳಗೆ ಮಾಡಿಯೋ ಕೊಡಿ. ಮುಖ ಊದಿಕೊಂಡು ಉಸಿರು ಎಳೆಯೋಕೆ ಕಷ್ಟ ಆದ್ರೆ ಅದು ಅಲರ್ಜಿ, ಮನೆಮದ್ದು ಮಾಡ್ತಾ ಕೂರದೆ ಆಸ್ಪತ್ರೆಗೆ ಓಡಿ. ಇನ್ನೊಂದು, ಬೂಷ್ಟು ಹಿಡಿದ ನಟ್ಸ್‌ನ ಒರೆಸಿ ಹುರಿದು ತಿನ್ನಬೇಡಿ, ಬೂಷ್ಟಿಂದ ಬರೋ ಅಫ್ಲಾಟಾಕ್ಸಿನ್ ಅನ್ನೋ ವಿಷ ಅಡುಗೆಯ ಬಿಸಿಗೆಲ್ಲ ಹೋಗಲ್ಲ, ಲಿವರ್‌ಗೆ ಕುತ್ತು. ಕಹಿ ಬಂದ್ರೆ, ಮುಗ್ಗಲು ವಾಸನೆ ಬಂದ್ರೆ ಉಗುಳಿ.

ಮುಂಜಾನೆ_ಮನುಷ್ಯ
ಎಲ್ರಿಗೂ ಥ್ಯಾಂಕ್ಸ್. ಬಿಸ್ಕತ್ತಿನ ವಿಷಯ ಹೇಗೆ ಗೊತ್ತಾಯ್ತು ಲ್ಯಾಬ್ ಕೋಟ್ ಸರ್, ನಾನು ಬರೆದೇ ಇರಲಿಲ್ಲ 😄 ಹೌದು ಅದಿನ್ನೂ ನಡೀತಿದೆ. ಒಂದು ಮರೆತಿದ್ದೆ, ನಾಲ್ಕು ವರ್ಷದ ಹಿಂದೆ ಕಿಡ್ನಿ ಸ್ಟೋನ್ ಆಗಿತ್ತು, ಆಗಿನ ಡಾಕ್ಟ್ರು ನಿಂಬೆ ನೀರು ಒಳ್ಳೇದು ಅಂದಿದ್ರು. ಹಾಗಾಗಿ ಅದನ್ನ ಪೂರ್ತಿ ಬಿಡೋಕೆ ಮನಸ್ಸಿಲ್ಲ.

ಲ್ಯಾಬ್_ಕೋಟು
ಅಯ್ಯೋ ಗುರುಗಳೇ, ಇದನ್ನ ಮೊದಲ ಸಾಲಲ್ಲೇ ಬರೀಬೇಕಿತ್ತು! ಕಥೆನೇ ಬದಲಾಯ್ತು. ನಿಂಬೆಯ ಸಿಟ್ರೇಟ್ ಮೂತ್ರದಲ್ಲಿ ಕ್ಯಾಲ್ಸಿಯಂನ ಹಿಡ್ಕೊಂಡು ಹರಳು ಕಟ್ಟದ ಹಾಗೆ ನೋಡ್ಕೊಳ್ಳುತ್ತೆ, ಸೋ ಆ ಡಾಕ್ಟ್ರು ಹೇಳಿದ್ದು ಸರಿ. ಆದ್ರೆ ಹೆಚ್ಚಿನವರಿಗೆ ಆಗೋದು ಕ್ಯಾಲ್ಸಿಯಂ ಆಕ್ಸಲೇಟ್ ಕಲ್ಲು (ಆಕ್ಸಲೇಟ್ ಅಂದ್ರೆ ಸಸ್ಯಾಹಾರದಲ್ಲಿರೋ ಒಂದು ಪದಾರ್ಥ, ಮೂತ್ರದ ಕ್ಯಾಲ್ಸಿಯಂ ಜೊತೆ ಸೇರಿ ಹರಳು ಕಟ್ಟುತ್ತೆ), ಬಾದಾಮಿಲಿ ಆಕ್ಸಲೇಟ್ ತುಂಬಾ ಜಾಸ್ತಿ, ಗೋಡಂಬಿನೂ ಹಿಂದೆ ಬಿದ್ದಿಲ್ಲ. ಅಂದ್ರೆ ಬೆಳಗ್ಗೆ ಎದ್ದು ಕಲ್ಲು ತಡೆಯೋಕೆ ನಿಂಬೆ ಕುಡಿದು, ಸಂಜೆ ತನಕ ಕಲ್ಲಿಗೆ ಸಾಮಾನು ಒದಗಿಸ್ತಿದೀರಿ.

ಕಲ್ಲು ಯಾವ ಜಾತಿದು ಅಂತ ಲ್ಯಾಬ್ ರಿಪೋರ್ಟ್ ಇದ್ರೆ ಹುಡುಕಿ. ಆಕ್ಸಲೇಟ್ ಆಗಿದ್ರೆ ವಾಲ್‌ನಟ್, ಪಿಸ್ತಾ ಕಡೆ ತಿರುಗಿ, ಅವುಗಳಲ್ಲಿ ಬಾದಾಮಿಗಿಂತ ಎಷ್ಟೋ ಕಮ್ಮಿ. ಅಪರೂಪಕ್ಕೆ ನಾಲ್ಕು ಬಾದಾಮಿ ತಿಂದ್ರೆ ಹಾಲು ಮೊಸರಿನ ಜೊತೆ ತಿನ್ನಿ, ಕ್ಯಾಲ್ಸಿಯಂ ಕರುಳಲ್ಲೇ ಆಕ್ಸಲೇಟ್ ಹಿಡ್ಕೊಂಡ್ರೆ ಅದು ಕಿಡ್ನಿ ತನಕ ಹೋಗಲ್ಲ. ಜನ ಕಲ್ಲು ಅಂದ ತಕ್ಷಣ ಹಾಲು ಬಿಡ್ತಾರೆ, ಉಲ್ಟಾ ಕೆಲಸ ಅದು. ಕ್ಯಾಲ್ಸಿಯಂ ಫಾಸ್ಫೇಟ್ ಅಥವಾ ಸೋಂಕಿನ ಕಲ್ಲು ಆಗಿದ್ರೆ ಲೆಕ್ಕ ಬೇರೆ, ಮೂತ್ರ ಆಲ್ಕಲೈನ್ ಆಗೋದು ಅಲ್ಲಿ ಒಳ್ಳೇದಲ್ಲ, ಡಾಕ್ಟರ್‌ನ ಕೇಳದೆ ಏನೂ ಮಾಡ್ಬೇಡಿ. ಎಲ್ಲದಕ್ಕಿಂತ ಮುಖ್ಯ ನೀರು, ದಿನಕ್ಕೆ ಎರಡೂವರೆ ಲೀಟರ್ ಮೂತ್ರ ಆಗೋಷ್ಟು. ಕೂತು ಕೆಲಸ ಮಾಡೋರು ಮರೆಯೋದೇ ಅದನ್ನ.

ಪ್ರಕೃತಿ_ಪ್ರಿಯೆ
ಹಲ್ಲಿನ ವಿಷಯ ನಂಗೆ ಗೊತ್ತಿರಲಿಲ್ಲ. ನಂಗೂ ಎರಡು ವರ್ಷದಿಂದ ಐಸ್‌ಕ್ರೀಂ ತಿನ್ನೋಕಾಗ್ತಿಲ್ಲ, ವಯಸ್ಸಾಯ್ತು ಅಂದ್ಕೊಂಡಿದ್ದೆ.

ಮುಂಜಾನೆ_ಮನುಷ್ಯ
ಹಳೇ ಫೈಲ್ ಸಿಕ್ತು. "ಕ್ಯಾಲ್ಸಿಯಂ ಆಕ್ಸಲೇಟ್ ಮಾನೋಹೈಡ್ರೇಟ್" ಅಂತ ಬರೆದಿದೆ. ಬಾದಾಮಿ ಎಲ್ಲಾ ಆರಿಸಿ ಹೆಂಡ್ತಿಗೆ ಕೊಟ್ಟೆ, ಅವಳಿಗೆ ಕಲ್ಲೂ ಇಲ್ಲ ಕೊಲೆಸ್ಟ್ರಾಲೂ ಇಲ್ಲ, ಖುಷಿಯಾಗಿದಾಳೆ. ಡೆಂಟಿಸ್ಟ್ ಗುರುವಾರ, ಬ್ಲಡ್ ಟೆಸ್ಟ್ ಮುಂದಿನ ತಿಂಗಳು, ನಂಬರ್ ಬಂದ್ಮೇಲೆ ಇಲ್ಲೇ ಹಾಕ್ತೀನಿ. ಬಿಸ್ಕತ್ತಿನ ಬಗ್ಗೆ ಈಗ್ಲೇ ಏನೂ ಮಾತು ಕೊಡಲ್ಲ.