ಕೋವಿ ಲೈಸೆನ್ಸ್‌ಗೆ ತರಬೇತಿ: ಹೋಗಿ ಬಂದವರು ದಯವಿಟ್ಟು ಹೇಳಿ

ಕೇಳಿದ್ದು (ಶನಿವಾರಸಂತೆ ಕಡೆಯಿಂದ)

ನಮ್ಮದು ನಾಲ್ಕು ಎಕರೆ ಕಾಫಿ, ಕೆಳಗೆ ಒಂದಿಷ್ಟು ಗದ್ದೆ. ಹೋದ ವರ್ಷ ಕಾಡುಹಂದಿ ನುಗ್ಗಿ ತೆನೆ ಕಟ್ಟಿದ ಪೈರನ್ನ ಅರ್ಧಕ್ಕರ್ಧ ಮಗುಚಿ ಹಾಕಿದವು. ಬೆಳೆ ರಕ್ಷಣೆಗೆ ಕೋವಿ ಲೈಸೆನ್ಸ್ ಮಾಡಿಸೋಣ ಅಂತಿದ್ದೀನಿ. ನಮ್ಮ ಕೊಡಗಲ್ಲಿ ಕೊಡವರಿಗೂ, ಜಮ್ಮಾ ಜಾಗ (ರಾಜರ ಕಾಲದಿಂದ ವಂಶಪಾರಂಪರ್ಯವಾಗಿ ಬಂದ ಜಮೀನು) ಇರೋರಿಗೂ ಕೋವಿ ಲೈಸೆನ್ಸ್‌ನಿಂದ ವಿನಾಯಿತಿ ಇದೆ. ನಾವು ಕೊಡವರೂ ಅಲ್ಲ, ನಮ್ಮದು ಜಮ್ಮಾ ಜಾಗನೂ ಅಲ್ಲ, ಹಾಗಾಗಿ ಅದು ಸಿಗಲ್ಲ. ಅರ್ಜಿ ಜೊತೆ ತರಬೇತಿ ಸರ್ಟಿಫಿಕೇಟ್ ಕೊಡಲೇಬೇಕಂತೆ. ಒಬ್ಬ ಏಜೆಂಟ್ "ನೀವು ಹೋಗೋದೇ ಬೇಡ, ದುಡ್ಡು ಕೊಟ್ರೆ ಸರ್ಟಿಫಿಕೇಟ್ ಮನೆಗೇ ಬರುತ್ತೆ" ಅಂದ. ಅಲ್ಲಿ ನಿಜಕ್ಕೂ ಏನು ಕಲಿಸ್ತಾರೆ?

ಸಿದ್ದಾಪುರದಿಂದ ಒಬ್ಬ ಬೆಳೆಗಾರ

ಆ ಏಜೆಂಟ್‌ನ ಇವತ್ತೇ ಬಿಡಿ. ಸುಳ್ಳು ಸರ್ಟಿಫಿಕೇಟ್ ಕೊಟ್ಟು ಸಿಕ್ಕಿಬಿದ್ರೆ ಲೈಸೆನ್ಸ್ ಹೋಗೋದಿರ್ಲಿ, ಕೇಸೇ ಆಗುತ್ತೆ. ಅದಕ್ಕಿಂತ ದೊಡ್ಡ ಮಾತು, ಕಲಿಯದೆ ಕೋವಿ ಮನೆಗೆ ತಂದ್ರೆ ಮೊದಲು ಅಪಾಯ ಮನೆಯವರಿಗೇ.

2016ರ ಆಯುಧ ನಿಯಮಗಳು ಬಂದ ಮೇಲೆ ತರಬೇತಿ ಕಡ್ಡಾಯ. ಮುಗಿಸಿದವರಿಗೆ ನಮೂನೆ ಎಸ್-1ರಲ್ಲಿ ಸರ್ಟಿಫಿಕೇಟ್ ಕೊಡ್ತಾರೆ. ಕೋವಿ ಹಿಡಿಯೋದು, ಒಯ್ಯೋದು, ಗುರಿ ಇಟ್ಟು ಹೊಡೆಯೋದು, ಶುಚಿ ಮಾಡೋದು, ಮನೆಯಲ್ಲಿ ಭದ್ರವಾಗಿಡೋದು ಎಲ್ಲ ಅದರಲ್ಲಿ ಬರುತ್ತೆ. ನಾನು ಹೋಗಿದ್ದು ಪೊಲೀಸರು ನಡೆಸೋ ನಾಗರಿಕ ಬಂದೂಕು ತರಬೇತಿ ಶಿಬಿರಕ್ಕೆ.

ಮೊದಲ ದಿನ ಮೇಜಿನ ಮೇಲೆ ಒಂದು ಜೋಡಿ ನಳಿಕೆ ಕೋವಿ ಇಟ್ಟು, "ತಗೊಂಡು ಪಕ್ಕದವರ ಕೈಗೆ ಕೊಡಿ" ಅಂದ್ರು. ನಾನು ಎತ್ತಿ ಕೊಟ್ಟೆ. ಮಾಸ್ಟರ್ ಬಂದು ನನ್ನ ಮಣಿಕಟ್ಟು ಹಿಡ್ಕೊಂಡು, "ನಿಮ್ಮ ಬೆರಳು ಎಲ್ಲಿದೆ ನೋಡಿ" ಅಂದ್ರು. ಟ್ರಿಗರ್ ಮೇಲಿತ್ತು. ನಳಿಕೆ ಆಗಲೇ ಇಬ್ಬರ ಹೊಟ್ಟೆ ಮುಂದೆ ಹಾದು ಹೋಗಿತ್ತು. ಒಳಗೆ ತೋಟಾ (ಕಾರ್ಟ್ರಿಡ್ಜ್) ಇದೆಯಾ ಅಂತ ನಾನು ನೋಡಿಯೇ ಇರಲಿಲ್ಲ. ಚಿಕ್ಕಂದಿನಿಂದ ಕೋವಿ ಕಂಡವನು ನಾನು. ಆ ಹೊತ್ತಿಗೆ ಮೈ ಬೆವರಿತು.

ಆಮೇಲೆ ಅದೊಂದನ್ನೇ ಮತ್ತೆ ಮತ್ತೆ ಮಾಡಿಸಿದ್ರು. ನಳಿಕೆ ನೆಲದ ಕಡೆ, ಬೆರಳು ಟ್ರಿಗರ್‌ನಿಂದ ಹೊರಗೆ, ಕೋವಿ ಮಡಚಿ ಒಳಗೆ ಕಣ್ಣಲ್ಲಿ ನೋಡು, ಬೆರಳಲ್ಲೂ ಮುಟ್ಟಿ ನೋಡು, ಮಡಚಿದ ಹಾಗೇ ಕೈ ಬದಲಿಸು. ಈಗ ಬೇಲಿ ದಾಟುವಾಗ, ಜೀಪ್ ಹತ್ತುವಾಗ ಯೋಚನೆ ಮಾಡದೇ ಕೈ ಅದನ್ನ ಮಾಡುತ್ತೆ.

ಇನ್ನೊಂದು ವಿಷಯ ಮನೆಯಲ್ಲಿ ಯಾರೂ ಹೇಳಿರಲಿಲ್ಲ. ಬೋರ್ ಅಂದ್ರೆ ನಳಿಕೆಯ ಅಳತೆ, ಸಂಖ್ಯೆ ಹೆಚ್ಚಾದಷ್ಟೂ ತೋಟಾ ಸಣ್ಣ. 20 ಬೋರ್ ತೋಟಾ 12 ಬೋರ್ ಕೋವಿಗೆ ಹಾಕಿದ್ರೆ ಅದು ಜಾರಿ ನಳಿಕೆಯ ಮುಂದೆ ಹೋಗಿ ಸಿಕ್ಕಿಕೊಳ್ಳುತ್ತೆ. ಹಿಂದಿನಿಂದ ನೋಡಿದ್ರೆ ಖಾಲಿ ಕಾಣುತ್ತೆ. ಅದರ ಹಿಂದೆ ಇನ್ನೊಂದು ತುಂಬಿ ಹೊಡೆದ್ರೆ ನಳಿಕೆ ಸಿಡಿಯುತ್ತೆ, ಮುಂದೆ ಹಿಡಿದ ಕೈ ಹೋಗುತ್ತೆ. ಎರಡು ಅಳತೆಯ ತೋಟಾ ಒಂದೇ ಡಬ್ಬಿಯಲ್ಲಿ ಯಾವತ್ತೂ ಇಡ್ಬೇಡಿ. ಈಡು (ಗುಂಡು) ಹಾರದೇ ಇದ್ರೂ ತಕ್ಷಣ ಕೋವಿ ತೆರೀಬಾರದು. ನಳಿಕೆ ಜನ ಇಲ್ಲದ ಕಡೆಗೇ ಇಟ್ಕೊಂಡು ಕನಿಷ್ಠ ಅರ್ಧ ನಿಮಿಷ ಕಾಯ್ಬೇಕು, ಕೆಲವೊಮ್ಮೆ ತಡವಾಗಿ ಹಾರುತ್ತೆ.

ವಿರಾಜಪೇಟೆ ಹತ್ತಿರದಿಂದ ಒಬ್ಬ ಗೃಹಿಣಿ

ನಾವು ಕೊಡವರು, ನಮಗೆ ವಿನಾಯಿತಿ ಇದೆ. 2019ರಲ್ಲಿ ಕೇಂದ್ರ ಸರ್ಕಾರ ಅದನ್ನ 2029ರ ಅಕ್ಟೋಬರ್ 31ರವರೆಗೆ ಮುಂದುವರಿಸಿತು, 2021ರಲ್ಲಿ ಹೈಕೋರ್ಟೂ ಎತ್ತಿಹಿಡಿಯಿತು. ನಮ್ಮಲ್ಲಿ ಗಂಡು ಮಗು ಹುಟ್ಟಿದ್ರೆ ಒಂದು ಈಡು, ಸಾವಾದ್ರೆ ಎರಡು. ನಮ್ಮ ಆಯುಧ ಪೂಜೆ ಹಬ್ಬ ಕೈಲ್‌ಪೊಳ್ದ್‌ಗೆ ಕೋವಿಗೆ ತೋಕ್‌ಪೂ ಅನ್ನೋ ಹೂವಿಟ್ಟು ಪೂಜೆ ಮಾಡ್ತೀವಿ. ಆದ್ರೂ ನಾನು ತರಬೇತಿಗೆ ಹೋಗಿ ಬಂದೆ. ಕಾರಣ ಹೇಳ್ತೀನಿ.

ಒಂದು ವರ್ಷ ಮಳೆಗಾಲ ಕಳೆದು ಹಬ್ಬಕ್ಕೆ ಕೋವಿ ಇಳಿಸಿದ್ವಿ. ಹೊರಗೆ ಎಣ್ಣೆ ಒರೆಸಿ ಥಳಥಳ ಮಾಡಿದ್ದಾಯ್ತು, ತೆಂಗಿನಕಾಯಿಗೆ ಗುರಿ ಇಡೋಕೆ ಹುಡುಗರು ಕಾಯ್ತಿದ್ರು. ನಮ್ಮ ಮಾವ ಒಂದು ಸಲ ನಳಿಕೆಯನ್ನ ಬೆಳಕಿಗೆ ಹಿಡಿದು ನೋಡಿದ್ರು. ಆ ಕಡೆ ಬೆಳಕೇ ಕಾಣ್ಲಿಲ್ಲ. ಕಡ್ಡಿ ತೂರಿಸಿದ್ರೆ ಒಣ ಮಣ್ಣು ಉದುರಿತು, ಜೊತೆಗೆ ಸತ್ತ ಜೇಡಗಳು. ಕಣಜ ಒಳಗೆ ಗೂಡು ಕಟ್ಟಿತ್ತು. ಹಾಗೇ ಹೊಡೆದಿದ್ರೆ ನನ್ನ ಮಗನ ಮುಖದ ಪಕ್ಕದಲ್ಲೇ ನಳಿಕೆ ಒಡೀತಿತ್ತು. ಆವತ್ತಿನಿಂದ ವಿನಾಯಿತಿ ಇದ್ದವರಿಗೂ ಹೇಳ್ತಾ ಬಂದಿದ್ದೀನಿ, ಕಾಗದಕ್ಕೆ ಬೇಡದಿದ್ರೂ ಕಲಿಯೋಕೆ ಹೋಗಿ ಅಂತ.

ಕೋವಿ ಒಂದು ಕಡೆ, ತೋಟಾ ಇನ್ನೊಂದು ಕಡೆ, ಎರಡಕ್ಕೂ ಬೇರೆ ಬೇರೆ ಬೀಗ. ಕೀಲಿ ಎಲ್ಲಿದೆ ಅಂತ ಮಕ್ಕಳಿಗೆ ಗೊತ್ತಾಗ್ಬಾರದು. ಮದುವೆ ಮನೆಯಲ್ಲಿ ಖುಷಿಗೆ ಅಂತ ಯಾರಾದ್ರೂ ನಿಮ್ಮ ಕೋವಿ ಕೇಳಿದ್ರೆ ಕೊಡ್ಬೇಡಿ. ಸಂಭ್ರಮಕ್ಕೆ ಗುಂಡು ಹಾರಿಸಿ ಜನರ ಜೀವಕ್ಕೆ ಅಪಾಯ ತಂದ್ರೆ 2019ರ ತಿದ್ದುಪಡಿ ಪ್ರಕಾರ 2 ವರ್ಷದವರೆಗೆ ಜೈಲು, ಇಲ್ಲಾ 1 ಲಕ್ಷದವರೆಗೆ ದಂಡ, ಇಲ್ಲಾ ಎರಡೂ.

ಕುಶಾಲನಗರದಿಂದ ಒಬ್ಬ ನಿವೃತ್ತ ಸೈನಿಕ

ಕಾಗದ ಪತ್ರದ ಬಗ್ಗೆ ಬೇಗ ಹೇಳ್ಬಿಡ್ತೀನಿ. 21 ವರ್ಷ ತುಂಬಿರ್ಬೇಕು. ಅರ್ಜಿ ಜಿಲ್ಲಾಧಿಕಾರಿಗಳಿಗೆ. ಎಸ್-1 ಜೊತೆ ಭದ್ರವಾಗಿಡ್ತೀನಿ ಅನ್ನೋ ಮುಚ್ಚಳಿಕೆ ಎಸ್-2, ದೇಹ ಮತ್ತು ಮನಸ್ಸಿನ ಆರೋಗ್ಯದ ವೈದ್ಯಕೀಯ ಪತ್ರ ಎಸ್-3. ಠಾಣೆಯಿಂದ ಪರಿಶೀಲನೆಗೆ ಬರ್ತಾರೆ. ಲೈಸೆನ್ಸ್ ಈಗ 5 ವರ್ಷಕ್ಕೆ, ಒಬ್ಬರಿಗೆ ಹೆಚ್ಚೆಂದ್ರೆ 2 ಕೋವಿ. ಚುನಾವಣೆ ಬಂದಾಗ ಠಾಣೆಗೆ ಒಪ್ಪಿಸಿ ಅಂತ ಆದೇಶ ಬರಬಹುದು, ಒಪ್ಪಿಸಿದ್ರೆ ರಸೀತಿ ಜೋಪಾನ.

ಕೋವಿ ಲೈಸೆನ್ಸ್ ಅಂದ್ರೆ ಬೇಟೆಗೆ ಅನುಮತಿ ಅಲ್ಲ. 1972ರ ವನ್ಯಜೀವಿ ಕಾಯ್ದೆ ಬೇರೆಯೇ ಇದೆ, ಹಂದಿ ವಿಷಯ ಏನಿದ್ರೂ ಮೊದಲು ಅರಣ್ಯ ಇಲಾಖೆಯವರನ್ನ ಕೇಳಿ. ಮತ್ತೆ, ಸದ್ದು ಕೇಳಿದ ಕಡೆಗೆ ಹೊಡೀಬೇಡಿ. ಕಾಫಿ ಗಿಡದ ಮರೆಯಲ್ಲಿ ಅಲ್ಲಾಡಿದ್ದು ಹಂದಿಯೋ, ಲೈನ್ ಮನೆಯಿಂದ ಎದ್ದು ಬಂದ ಕೆಲಸದವರೋ ಕತ್ತಲಲ್ಲಿ ತಿಳಿಯಲ್ಲ. ಕಣ್ಣಿಗೆ ಪೂರ್ತಿ ಕಾಣೋವರೆಗೂ, ಅದರ ಹಿಂದೆ ಏನಿದೆ ಅಂತ ಗೊತ್ತಾಗೋವರೆಗೂ ಬೆರಳು ಹೊರಗೇ ಇರ್ಲಿ.

ಕೇಳಿದವರು

ಎಲ್ಲರಿಗೂ ತುಂಬಾ ಧನ್ಯವಾದ. ಏಜೆಂಟ್‌ಗೆ ಬೇಡ ಅಂತ ಫೋನ್ ಮಾಡಿ ಹೇಳಿದೆ. ಸೋಮವಾರ ಠಾಣೆಗೆ ಹೋಗಿ ಮುಂದಿನ ಶಿಬಿರ ಯಾವಾಗ ಅಂತ ಕೇಳ್ತೀನಿ. ಅಕ್ಕ, ಒಂದೇ ಪ್ರಶ್ನೆ. ನಮ್ಮದು ಹಳೇ ಮಣ್ಣಿನ ಗೋಡೆ ಮನೆ, ಕಬ್ಬಿಣದ ಕಪಾಟು ಗೋಡೆಗೆ ಬೋಲ್ಟ್ ಹಾಕಿದ್ರೆ ನಿಲ್ಲುತ್ತಾ?

ವಿರಾಜಪೇಟೆಯವರು

ನಿಲ್ಲಲ್ಲ ತಮ್ಮ, ಮಳೆಗೆ ಗೋಡೆ ಸಡಿಲ ಆಗುತ್ತೆ. ಮೂಲೆಯಲ್ಲಿ ನೆಲಕ್ಕೆ ಕಾಂಕ್ರೀಟ್ ಹಾಕಿಸಿ ಅದಕ್ಕೆ ಬೋಲ್ಟ್ ಮಾಡಿಸಿ. ಅಡುಗೆಮನೆ ಗೋಡೆ ಪಕ್ಕ ಆದ್ರೆ ಒಳ್ಳೇದು, ಒಲೆಯ ಬಿಸಿಗೆ ತೇವ ಕಮ್ಮಿ, ಕೋವಿಗೆ ತುಕ್ಕು ಹಿಡಿಯಲ್ಲ. ತೋಟಾ ಮಾತ್ರ ಅಲ್ಲಿ ಬೇಡ.