ಅಪ್‌ಡೇಟ್: ಮೆಟಾಲಿಕಾ ಬರುತ್ತಾ ಅಂತ ಕೇಳಿದ್ದೆನಲ್ಲ

ಅಮೆರಿಕದ ಮೆಟಲ್ ಬ್ಯಾಂಡ್ ಮೆಟಾಲಿಕಾ ಮತ್ತೆ ಭಾರತಕ್ಕೆ ಬರುತ್ತಾ, ಟಿಕೆಟ್‌ಗೆ ದುಡ್ಡು ಎತ್ತಿಡಲಾ ಅಂತ ಕೇಳಿದ್ದೆ. ಉತ್ತರ ಕೊಟ್ಟವರಿಗೆಲ್ಲ ಥ್ಯಾಂಕ್ಸ್.

ಜಾಸ್ತಿ ಜನ ಹೇಳಿದ್ದು ಒಂದೇ ಲೆಕ್ಕ. ಅವರ ಟೂರ್ 2025ರ ನವೆಂಬರ್‌ನಲ್ಲಿ ಆಸ್ಟ್ರೇಲಿಯಾ, ಡಿಸೆಂಬರ್‌ನಲ್ಲಿ ಬಹರೇನ್, ಅಬುಧಾಬಿ, ಆಮೇಲೆ 2026ರ ಮೇ ತಿಂಗಳ ಅಥೆನ್ಸ್ ತನಕ ಖಾಲಿ, ಆ ನಡುವೆ ಇಲ್ಲಿಗೆ ಬರಬಹುದು ಅಂತ. ಅಬುಧಾಬಿಯಿಂದ ಬೆಂಗಳೂರು ಏನು ಮಹಾ ದೂರ, ಅಲ್ವಾ? ದಾವಣಗೆರೆಯ ಗುಂಡಿ ಸರ್ಕಲ್ ಹತ್ತಿರ ಮಿರ್ಚಿ ತಿನ್ನುತ್ತಾ ಗೆಳೆಯನೂ ಇದನ್ನೇ ಮಂಡಕ್ಕಿ ಕಟ್ಟಿದ ಪೇಪರ್ ಮೇಲೆ ಬರೆದು ತೋರಿಸಿದ್ದ. ಎಣ್ಣೆ ಹತ್ತಿ ಡಿಸೆಂಬರ್ ಕಾಣದೇ ಹೋಯಿತು.

ಅಬುಧಾಬಿ ಮುಗಿಯಿತು, ಇತ್ತ ಯಾರೂ ತಲೆ ಹಾಕಲಿಲ್ಲ. ಖಾಲಿ ತಾರೀಖು ನೋಡಿ ಊಹಿಸುವುದು ನನಗಂತೂ ಒಪ್ಪಿಗೆಯಿಲ್ಲ. ಈ ಟೂರ್‌ನ ಸ್ಟೇಡಿಯಂ ಶೋಗಳಲ್ಲಿ ವೇದಿಕೆ ಮೈದಾನದ ಮಧ್ಯೆ ಉಂಗುರದ ಹಾಗೆ ಇರುತ್ತದೆ. ಅಷ್ಟು ಸಾಮಾನು ಸಾಗಿಸಬೇಕಾದರೆ ತಿಂಗಳುಗಟ್ಟಲೆ ಮುಂಚೆಯೇ ತಯಾರಿ ಬೇಕು. ಖಾಲಿ ಅಂದರೆ ಸುಮ್ನೆ ರಜೆಯೂ ಇರಬಹುದು.

2011ರ ಅಕ್ಟೋಬರ್ 30ರಂದು ಬೆಂಗಳೂರಿನ ಅರಮನೆ ಮೈದಾನದಲ್ಲಿ ಅವರನ್ನು ನೋಡಿ ಬಂದ ನಮ್ಮಣ್ಣ ಮಾತ್ರ "ಬಂದೇ ಬರ್ತಾರೆ ಬಿಡಲೇ" ಅಂತಾನೆ.

ಎತ್ತಿಟ್ಟ ದುಡ್ಡು ಗಿಟಾರ್ ಆಂಪ್‌ಗೆ ಹೋಯಿತು. ನಾಳೆ ಅನೌನ್ಸ್ ಮಾಡಿದರೆ ಟಿಕೆಟ್ ಖರ್ಚು ಅಣ್ಣನದೇ.